ಕುಲುಕಿ ನೋಡಿದ ಸೀಸೆ

ಪೆಟ್ಟಿಗೆ ತೆರೆದ ನರ್ಸ್ ಮಂಗಳಾಳ ಕೈ ಅಲ್ಲೇ ನಿಂತಿತು. ನಾಯಿಕೆಮ್ಮೂ ಸೇರಿ ಐದು ರೋಗಗಳನ್ನು ತಡೆಯುವ ಲಸಿಕೆಯ ಎರಡು ಸೀಸೆಗಳೂ ಐಸ್ ಪ್ಯಾಕಿಗೆ ಅಂಟಿಕೊಂಡಿದ್ದವು. ಒಂದು ಪೂರ್ತಿ ಗಡ್ಡೆಕಟ್ಟಿತ್ತು. ಇನ್ನೊಂದರಲ್ಲಿ ಮದ್ದು ನೀರಾಗಿಯೇ ಇತ್ತು. ಬೆಳಿಗ್ಗೆ ಬಸ್ಸು ತಪ್ಪೀತೆಂಬ ಆತುರದಲ್ಲಿ, ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್ ಬೆವರುವವರೆಗೆ ಕಾಯದೆ ಪೆಟ್ಟಿಗೆಗೆ ತುಂಬಿದವಳು ಅವಳೇ.

ದಬ್ಬೇಘಟ್ಟದಾಚೆಯ ಆ ಹಳ್ಳಿಯ ಅಂಗನವಾಡಿಗೆ ಅಂದು ಬಂದಿದ್ದುದು ಒಂದೇ ಕೂಸು. ಮಗಳ ಹೆರಿಗೆಯ ಹೊಲಿಗೆ ಇನ್ನೂ ಮಾಗಿರಲಿಲ್ಲವೆಂದು, ಒಂದೂವರೆ ತಿಂಗಳ ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಭೂತಮ್ಮನೇ ತೋಟದ ಹಾದಿಯಲ್ಲಿ ಎರಡು ಮೈಲಿ ನಡೆದು ಬಂದಿದ್ದಳು.

ಒಮ್ಮೆ ಗಡ್ಡೆಕಟ್ಟಿದರೆ ಈ ಮದ್ದು ಕೆಟ್ಟಂತೆ; ನೀರಾಗಿದ್ದದ್ದೂ ಗಡ್ಡೆಕಟ್ಟಿ ಕರಗಿತ್ತೋ ಏನೋ. ಅದನ್ನು ಬಳಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಂಗಳಾ ಗಡ್ಡೆಕಟ್ಟಿದ್ದನ್ನು ಅಂಗೈಯಲ್ಲಿ ಹಿಡಿದು ಕರಗಿಸಿದಳು. ಎರಡನ್ನೂ ಒಟ್ಟಿಗೆ ಕುಲುಕಿ ಕಿಟಕಿಯ ಬೆಳಕಿಗಿಟ್ಟಳು. ಒಳ್ಳೆಯ ಮದ್ದಿನ ಕಣಗಳು ನುಣ್ಣಗಿದ್ದು ಬಹಳ ಹೊತ್ತು ತೇಲುತ್ತವೆ, ಕೆಟ್ಟದ್ದರವು ಗಂಟುಕಟ್ಟಿ ಬೇಗ ತಳ ಸೇರುತ್ತವೆ ಎಂದು ಭೂತಮ್ಮನಿಗೆ ಹೇಳಿದಳು. ಇಬ್ಬರೂ ನೋಡುತ್ತ ಕುಳಿತರು. ಕಾಲು ಗಂಟೆ ಕಳೆಯುವುದರೊಳಗೆ ಎರಡೂ ಸೀಸೆಗಳ ಮೇಲ್ಭಾಗ ತಿಳಿಯಾಗಿ, ತಳದಲ್ಲಿ ಬಿಳಿ ಗಸಿ ಒಂದೇ ಸಮ ನಿಂತಿತ್ತು.

"ಕಾಯಿಹಾಲು ಒಡ್ದಂಗೈತೆ," ಎಂದಳು ಭೂತಮ್ಮ.

"ಹೂಂ ಕಣಮ್ಮ. ಇದ ಹಾಕಿದ್ರೂ ಹಾಕ್ದಂಗಾಗಲ್ಲ. ತಪ್ಪು ನಂದೇ."

ಭೂತಮ್ಮ ಕೂಸನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು. ಕೂಸಿಗೆ ಹಾಲಿನ ಹೊತ್ತಾಗಿತ್ತು. ಸಂಜೆಯೊಳಗೆ ಹೊಸ ಮದ್ದು ತೆಗೆದುಕೊಂಡು ಮನೆಗೇ ಬರುತ್ತೇನೆಂದು ಮಂಗಳಾ ಹೇಳಿದ್ದನ್ನು ನಂಬಿದಳೋ ಇಲ್ಲವೋ, ತಿರುಗಿ ನೋಡದೆ ನಡೆದಳು.

ಮಂಗಳಾ ತುರುವೇಕೆರೆಯ ಬಸ್ಸು ಹತ್ತಿದಳು. ಅಲ್ಲಿನ ಆಸ್ಪತ್ರೆಯಲ್ಲಿ ಮೇಲಿನವರ ಮುಂದೆ ತಪ್ಪೊಪ್ಪಿಕೊಂಡು, ಅದನ್ನೇ ಬರೆದುಕೊಟ್ಟು, ಬೈಸಿಕೊಂಡು ಹೊಸ ಸೀಸೆ ಪಡೆದಳು. ಈ ಸಲ ಐಸ್ ಪ್ಯಾಕ್ ಬೆವರಿ, ಅಲುಗಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೂ ಕಾದಳು. ಅಷ್ಟರಲ್ಲಿ ಒಂದು ಬಸ್ಸು ಹೋಗಿಯೇ ಬಿಟ್ಟಿತು. ಮುಂದಿನದರಲ್ಲಿ ಬಂದಿಳಿದು, ಪೆಟ್ಟಿಗೆಯನ್ನು ಹೆಗಲು ಬದಲಿಸುತ್ತ ತೋಟದ ಹಾದಿ ಹಿಡಿದಾಗ ತೆಂಗಿನ ನೆರಳುಗಳು ಉದ್ದವಾಗಿದ್ದವು. ಭೂತಮ್ಮ ಬದುವಿನ ಮೇಲೆ ನಿಂತು ದಾರಿ ನೋಡುತ್ತಿದ್ದಳು.

ಮನೆಯಲ್ಲಿ ಸೂಜಿ ಚುಚ್ಚಿದೊಡನೆ ಕೂಸು ಕಿರುಚಿ ಅಳತೊಡಗಿತು. ಮಂಗಳಾ ರಮಿಸಲು ಕೈ ಚಾಚಿದಳು. ಭೂತಮ್ಮ ಆ ಕೈಯನ್ನು ಹಿಡಿದುಕೊಂಡಳು.

"ಅಳ್ಲಿ ಬುಡವ್ವ," ಎಂದಳು. "ನನ್ ಮೊದಲ್ನೇ ಮಗ ನಾಯಿಕೆಮ್ಮಲ್ಲಿ ಹೋದ. ಕೊನೇಲಿ ಅವನ್ಗೆ ಅಳಾಕೂ ಉಸಿರಿರ್ಲಿಲ್ಲ."