ಮುಚ್ಚಿದೆ ಅನ್ನುವವರನ್ನು ನಂಬಬೇಡಿ

“ಇವತ್ತು ಮುಚ್ಚಿದೆ,” ಎಂದ ಗೇಟಿನ ಮುಂದೆ ನಿಂತಿದ್ದವನು. ಸಮವಸ್ತ್ರವಿಲ್ಲ. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಅರ್ಧ ಕುಡಿದ ಚಹಾ.

ಅಕ್ಕನನ್ನು ಕರೆತಂದಿದ್ದ ತಮ್ಮನಿಗೆ ನಗು ತಡೆಯಲಾಗಲಿಲ್ಲ. ಏಷ್ಯಾದ ಯಾವ ಪ್ರಸಿದ್ಧ ಜಾಗಕ್ಕೆ ಹೋದರೂ ಬಾಗಿಲಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. ಮುಚ್ಚಿದೆ ಅನ್ನುತ್ತಾನೆ, ಅಯ್ಯೋ ಪಾಪ ಅಂತ ಲೊಚಗುಟ್ಟುತ್ತಾನೆ, ಆಮೇಲೆ ಮೆಲ್ಲಗೆ ತನ್ನ ಭಾವಮೈದುನನ ಹರಳಿನ ಅಂಗಡಿಗೆ ಸಾಗಿಸುತ್ತಾನೆ. ಪ್ರವಾಸಿಗರಿಗೆ ಸಲಹೆ ಕೊಡುವ ತನ್ನ ಚಾನೆಲ್ಲಿನಲ್ಲಿ ತಮ್ಮ ಮೊಟ್ಟಮೊದಲು ಹೇಳುವುದೇ ಇದನ್ನು. ಆದರೂ ಜನ ಕಲಿಯುವುದಿಲ್ಲ. ಅವನ ಕಣ್ಣೆದುರೇ ಒಂದೇ ಬಣ್ಣದ ಟೋಪಿ ಹಾಕಿಕೊಂಡ ಸಂಸಾರವೊಂದು ಆ ಚಹಾದವನ ಮಾತು ಕೇಳಿ ವ್ಯಾನು ಹತ್ತಿತು. ಕುರಿಮಂದೆ!

“ಏನಂತಾನೋ ಅವನು?” ಅಕ್ಕ ಕೇಳಿದಳು.

“ನಿನ್ನನ್ನ ನೋಡಿ ಒಳ್ಳೆ ಗಿರಾಕಿ ಅಂದ್ಕೊಂಡಿದ್ದಾನೆ. ಸುಮ್ನೆ ಬಾ.”

ಅಕ್ಕ ಬಟ್ಟೆ ಹೊಲಿದು ಬದುಕಿದವಳು. ಅವಳ ಹೊಲಿಗೆ ಯಂತ್ರದ ಎದುರಿನ ಗೋಡೆಯಲ್ಲಿ ಒಂದು ಕ್ಯಾಲೆಂಡರು. ಅದರ ವರ್ಷ ಮುಗಿದು ಎಷ್ಟೋ ಕಾಲವಾಗಿದ್ದರೂ, ಮೇಲಿದ್ದ ಬಂಗಾರದ ಪ್ರತಿಮೆಯ ಚಿತ್ರಕ್ಕಾಗಿ ಅವಳು ತೆಗೆದಿರಲಿಲ್ಲ. ಕಣ್ಣಿನ ನರ ಒಣಗುತ್ತಾ ಬಂದಿದೆ, ನೋಡಬೇಕಾದ್ದನ್ನು ಬೇಗ ನೋಡಿಬಿಡಿ ಎಂದು ಡಾಕ್ಟರು ಹೇಳಿದ ದಿನ ಅವಳು ಕೇಳಿದ್ದು ಇದೊಂದನ್ನೇ: ಆ ಪ್ರತಿಮೆಯ ಎದುರು ಒಮ್ಮೆ ನಿಲ್ಲಬೇಕು.

ನಾನಿದ್ದೀನಲ್ಲ ಎಂದಿದ್ದ ತಮ್ಮ. ಆದರೆ ಸೀಸನ್ನಿನಲ್ಲಿ ಪ್ರವಾಸ ಹೊರಡುವವನು ಅವನ ಲೆಕ್ಕದಲ್ಲಿ ಶತಮೂರ್ಖ. ವಿಮಾನದ ದರ ಇಳಿಯಲಿ ಎಂದು ಒಮ್ಮೆ, ಜನಜಂಗುಳಿ ಕರಗಲಿ ಎಂದು ಇನ್ನೊಮ್ಮೆ ಮುಂದಕ್ಕೆ ಹಾಕಿದ್ದ.

“ಅಲ್ಲೀವರೆಗೆ ಕಣ್ಣು ಕಾಯುತ್ತೇನೋ?” ಎಂದಿದ್ದಳು ಅಕ್ಕ.

“ಡಾಕ್ಟರುಗಳು ಹೆದರಿಸೋದೇ ಹಾಗೆ ಕಣಕ್ಕಾ. ಅದೂ ಒಂದು ದಂಧೆ.”

ಅವಳು ಮತ್ತೆ ಆ ಮಾತೆತ್ತಲಿಲ್ಲ.

ಈಗ ಅವನು ಗೇಟು ಬಿಟ್ಟು ಗೋಡೆಯ ಗುಂಟ ನಡೆದ. ದೊಡ್ಡ ಜಾಗಕ್ಕೆಲ್ಲ ಹಿಂಬಾಗಿಲೊಂದು ಇರುತ್ತದೆ. ಹುಡುಕುವ ಯೋಗ್ಯತೆ ಇರಬೇಕಷ್ಟೆ. ಅಕ್ಕ ಅವನ ಚೀಲದ ಪಟ್ಟಿ ಹಿಡಿದು ಹಿಂದೆಯೇ ಬಂದಳು. ಗುಂಪಿನಲ್ಲಿ ಜೇಬುಗಳ್ಳರಿರುತ್ತಾರೆ, ಒಬ್ಬರ ಚೀಲ ಇನ್ನೊಬ್ಬರು ಹಿಡಿದುಕೊಳ್ಳಬೇಕು ಎಂದು ಮೊದಲ ದಿನ ಅವನೇ ಹೇಳಿಕೊಟ್ಟಿದ್ದ. ಅವಳೋ, ಖಾಲಿ ಬೀದಿಯಲ್ಲೂ ಬಿಡುತ್ತಿರಲಿಲ್ಲ, ಹೋಟೆಲಿನ ಮೆಟ್ಟಿಲ ಮೇಲೂ ಬಿಡುತ್ತಿರಲಿಲ್ಲ. ಹೊರಗಿನ ಪ್ರಪಂಚ ಕಾಣದವರಿಗೆ ಏನಾದರೂ ಹೇಳಿಕೊಡುವುದೇ ತಪ್ಪು.

“ಇಲ್ಲಿ ಕಾಗೆಯೂ ಇಲ್ಲ. ಬಿಡಕ್ಕಾ.”

“ಇರ್ಲಿ ಬಿಡೋ. ನೀನು ಮಾತಾಡ್ತಾ ಇರು. ಕೇಳ್ಕೊಂಡು ನಡೆದ್ರೆ ದಾರಿ ಸವೆದಿದ್ದೇ ಗೊತ್ತಾಗಲ್ಲ.”

ಅವನ ಸಲಹೆಗಳನ್ನು ಆಕಳಿಸದೆ ಕೇಳುವವಳು ಜಗತ್ತಿನಲ್ಲಿ ಇವಳೊಬ್ಬಳೇ. ಅವನು ಉಬ್ಬಿಹೋದ. ಮೊಣಕಾಲು ಕಾಣುವ ಚಡ್ಡಿಯಲ್ಲಿ ಗುಡಿಗೋಪುರಗಳಿಗೆ ಬಂದು ಬಾಗಿಲಲ್ಲಿ ಬೈಸಿಕೊಳ್ಳುವ ಪೆದ್ದರ ಬಗ್ಗೆ ಹೇಳಿದ. ಬಾಟಲಿಯ ಸೀಲು ನೋಡದೆ ನೀರು ಕುಡಿದು ಮೂರು ದಿನ ಕಕ್ಕಸಿನಲ್ಲೇ ಪ್ರವಾಸ ಮುಗಿಸುವವರ ಬಗ್ಗೆ ಹೇಳಿದ. ಮೀಟರು ಹಾಕಿಸದೆ ಟ್ಯಾಕ್ಸಿ ಹತ್ತುವ ಮಹಾಶಯರನ್ನಂತೂ ಉಪ್ಪು ಹಾಕಿ ಉಜ್ಜಿದ. ಅಕ್ಕ ಹೂಂಗುಟ್ಟುತ್ತಾ ನಕ್ಕಳು.

ಸಿಕ್ಕೇಬಿಟ್ಟಿತು ಹಿಂಬಾಗಿಲು. ತಲೆಗೆ ಬಟ್ಟೆ ಸುತ್ತಿದ್ದ ಗಾರೆಯವನೊಬ್ಬ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಇವರನ್ನು ಕಂಡು ಏನೋ ಕೂಗಿದ.

“ಸ್ವಂತ ಮನೆಗೆ ಹೋಗೋ ಹಾಗೆ ನಡಿ. ಯಾರ ಮುಖಾನೂ ನೋಡ್ಬೇಡ,” ಎಂದ ತಮ್ಮ.

“ನೋಡಲ್ಲ,” ಎಂದಳು ಅಕ್ಕ. ಮರುಕ್ಷಣವೇ ದಾರಿಯಲ್ಲಿದ್ದ ಮರಳ ಚೀಲ ಎಡವಿ ಅವನ ಬೆನ್ನಿಗೆ ಬಿದ್ದಳು.

“ಥೂ! ಕೆಳಗೆ ನೋಡ್ಕೊಂಡು ಬರಬಾರ್ದಾ?”

“ಮೇಲೆ ನೋಡ್ತಿದ್ದೆ ಕಣೋ.”

ಕಲ್ಲುಹಾಸಿನ ಅಂಗಳದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ತಮ್ಮನ ಎದೆ ಅರಳಿತು. ಪೀಕ್ ಸೀಸನ್ನಿನಲ್ಲಿ ಇಲ್ಲಿ ಬೆವರುವ ಬೆನ್ನುಗಳನ್ನಷ್ಟೇ ನೋಡಿ ವಾಪಸಾಗುವ ಗುಗ್ಗುಗಳು ಈ ದೃಶ್ಯ ನೋಡಬೇಕಿತ್ತು.

ಪ್ರತಿಮೆಯ ಮಂದಿರದ ಹೊಸ್ತಿಲಲ್ಲಿ ಅವನು ಫೋನು ತೆಗೆದ. ಯಾವುದನ್ನೇ ಆಗಲಿ ಮನುಷ್ಯ ಮೊದಲ ಸಲ ನೋಡುವುದು ಒಂದೇ ಸಲ; ಆ ಕ್ಷಣದ ಅವನ ಮುಖವನ್ನು ಚಿತ್ರೀಕರಿಸಿಕೊಳ್ಳಬೇಕು, ಪ್ರತಿಮೆ ಎಲ್ಲೂ ಓಡಿಹೋಗುವುದಿಲ್ಲ. ಇದು ಅವನ ಅತ್ಯಂತ ಜನಪ್ರಿಯ ಸಲಹೆ. ಮಂದಿರಕ್ಕೆ ಬೆನ್ನು ಮಾಡಿ, ಅಕ್ಕನ ಮುಖವನ್ನು ಪರದೆಯಲ್ಲಿ ಹಿಡಿದು, ಅವನು ಹಿಂದುಹಿಂದಕ್ಕೆ ಹೆಜ್ಜೆಯಿಟ್ಟ.

“ಬಾ. ನೇರ ನನ್ನ ಕಡೆ ಬಾ. ಇನ್ನೊಂಚೂರು. ಹಾಂ, ನಿಲ್ಲು. ಈಗ ತಲೆ ಎತ್ತು.”

ಅಕ್ಕ ತಲೆ ಎತ್ತಿದಳು. ತುಟಿ ಅದುರಿತು. ಕಣ್ಣು ತುಂಬಿ ಬಂತು. ಭೇಷ್, ಎಂದುಕೊಂಡ ತಮ್ಮ. ಇಂಥದ್ದನ್ನು ಹಣ ಕೊಟ್ಟರೂ ಮಾಡಿಸಲಾಗುವುದಿಲ್ಲ.

“ಹೇಗಿದೆ? ಹೇಳು, ರೆಕಾರ್ಡ್ ಆಗ್ತಿದೆ.”

“ಬಂಗಾರ ಹೇಗೆ ಮಿನುಗುತ್ತೋ!” ಅವಳ ದನಿ ಸಣ್ಣಗಾಯಿತು. “ರೆಪ್ಪೆ ಅರ್ಧ ಇಳಿದಿದೆ, ಆದ್ರೂ ನನ್ನನ್ನೇ ನೋಡೋ ಹಾಗಿದೆ. ತುಟಿ ನೋಡು, ಎಡಗಡೆ ಒಂಚೂರು ಮೇಲಕ್ಕೆ. ಯಾರಿಗೋ ತಮಾಷೆ ಮಾಡಿ ಸುಮ್ನಾದ ಹಾಗೆ. ಅಂಗೈ ಎಷ್ಟು ಮೆತ್ತಗೆ ಕಾಣುತ್ತೆ...”

“ಸಾರ್ಥಕ ಆಯ್ತಾ?”

“ತಡ ಮಾಡ್ದೆ ಅಂತ ಮನಸ್ಸಲ್ಲೇ ನಿನ್ನ ಬೈಕೊಂಡಿದ್ದೆ ಕಣೋ. ಇನ್ನು ಬೈಯಲ್ಲ. ಎಲ್ಲಾ ನೋಡಿದ ಹಾಗೇ ಆಯ್ತು.”

“ಮತ್ತೆ? ಆ ಚಹಾದವನ ಮಾತು ಕೇಳಿದ್ರೆ ಇದು ಸಿಕ್ತಿತ್ತಾ?” ಎನ್ನುತ್ತಾ ತಮ್ಮ ಪ್ರತಿಮೆಯನ್ನೂ ಹಿಡಿಯಲು ಫೋನೆತ್ತಿಕೊಂಡು ಗೆಲುವಿನಿಂದ ತಿರುಗಿದ.

ದುರಸ್ತಿಗೆಂದು ಸೂರಿನ ತನಕ ಅಟ್ಟಣಿಗೆ ಕಟ್ಟಿ, ಪ್ರತಿಮೆಯನ್ನು ಅಡಿಯಿಂದ ಮುಡಿಯವರೆಗೆ ದಪ್ಪ ಹಸಿರು ಟಾರ್ಪಾಲಿನಲ್ಲಿ ಸುತ್ತಿದ್ದರು. ಒಂದು ಬೆರಳೂ ಹೊರಗೆ ಕಾಣುತ್ತಿರಲಿಲ್ಲ.