ಕೈ ಎತ್ತಿಸಿದ ಹಾಡು

"ಬೇರೆ ಹಾಡು ಹಾಕ್ಲಾ ತಾತ?"

ಗೋಡೆಯ ಟಿವಿಯಲ್ಲಿ ಹಳೆಯ ಕಾಲದ ಜೋಡಿಯೊಂದು ಕೊಳದ ದಂಡೆಯ ಮೇಲೆ ಕೈಕೈ ಹಿಡಿದು ನಡೆಯುತ್ತಲೇ ಇತ್ತು. ತಾತ ಬಲಗೈಯನ್ನು ಹೊಟ್ಟೆಗೆ ಅವಚಿಕೊಂಡು, ಹಸುಗೂಸನ್ನು ಎತ್ತಿಕೊಂಡವರ ಹಾಗೆ ಕೂತಿದ್ದರು.

"ಹಾಡಿಗೇನಮ್ಮ, ಚೆನ್ನಾಗೇ ಇದೆ. ಕೈ ಬರಲ್ಲ ಅಷ್ಟೆ."

ಬಚ್ಚಲಲ್ಲಿ ಜಾರಿ ಮುರಿದುಕೊಂಡ ಕೈ ಅದು. ಮೂಳೆ ಕೂಡಿ, ಪಟ್ಟಿಯನ್ನೂ ಬಿಚ್ಚಿಯಾಗಿತ್ತು. ಆದರೆ ಎಲ್ಲಿ ನೋವಾಗುತ್ತದೋ ಎಂಬ ಹೆದರಿಕೆಗೆ ತಾತ ಅದನ್ನು ಎದೆಯಿಂದ ಮೇಲಕ್ಕೆ ಬಿಡುತ್ತಿರಲಿಲ್ಲ; ಭುಜ ದಿನದಿನಕ್ಕೂ ಬಿಗಿಯುತ್ತಿತ್ತು. ಬೆಳಿಗ್ಗೆ ಬಂದ ದೊಡ್ಡ ಡಾಕ್ಟರು, "ಈ ವಾರ ಕೈ ಎತ್ತದಿದ್ದರೆ ಆಪರೇಷನ್ನೇ ಗತಿ" ಎಂದು ಹೇಳಿ ಹೋಗಿದ್ದರು. ಅದನ್ನು ಕೇಳಿದ ಮೇಲೆ ತಾತ ಕೈಯನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಿದ್ದರು.

ಹಾಡು ಹಾಕುತ್ತಿದ್ದ, ಆಸ್ಪತ್ರೆಯ ವ್ಯಾಯಾಮದ ಕೋಣೆಯನ್ನು ನೋಡಿಕೊಳ್ಳುವ ಹುಡುಗಿಯನ್ನು ರೋಗಿಗಳೆಲ್ಲ ಕಸರತ್ತಿನಕ್ಕ ಎನ್ನುತ್ತಿದ್ದರು. ಅವಳಿಗೆ ಮದ್ದಿಗಿಂತ ಹಾಡಿನ ವಿಡಿಯೋಗಳ ಮೇಲೆ ಒಂದು ಗುಲಗಂಜಿ ಹೆಚ್ಚು ನಂಬಿಕೆ. ಅವುಗಳನ್ನು ಮಾಡುವವರನ್ನು ನೆನೆದರೆ ಅವಳಿಗೆ ತನ್ನ ಅಜ್ಜಿಯೇ ಕಣ್ಣ ಮುಂದೆ ಬರುತ್ತಿದ್ದಳು. ಅಜ್ಜಿಯ ಕಥೆ ಒಂದೇ. ಪುಟ್ಟವರು ಕೂತರೆ ಅದರಲ್ಲಿ ರಾಕ್ಷಸ ಬೆಳೆಯುತ್ತಿದ್ದ, ಮದುವೆ ವಯಸ್ಸಿನವರು ಕೂತರೆ ರಾಜಕುಮಾರನ ಕುದುರೆ ಬಿಳಿಯಾಗುತ್ತಿತ್ತು, ದೊಡ್ಡಮ್ಮಂದಿರು ಸೇರಿದರೆ ಅತ್ತೆಯೊಬ್ಬಳು ಎಲ್ಲಿಂದಲೋ ಒಳಗೆ ನುಗ್ಗುತ್ತಿದ್ದಳು. ವಿಡಿಯೋದವರೂ ಹಾಗೆಯೇ. ಕುಣಿತದ ಹಾಡಿನಲ್ಲಿ ಕ್ಯಾಮೆರಾ ಪಾದ ಬಿಟ್ಟು ಕದಲುವುದಿಲ್ಲ. ಸೊಂಟ ಹಿಡಿದ ಬ್ಯಾಂಕಿನ ಮ್ಯಾನೇಜರರ ಹಿಮ್ಮಡಿ ತಾನಾಗಿ ತಾಳ ಹಾಕಿತ್ತು. ವಿರಹದ ಹಾಡಿನಲ್ಲಿ ನಾಯಕಿ ಕಿಟಕಿಯಾಚೆ ನೋಡುತ್ತಾಳೆ. ಕತ್ತು ಹಿಡಿದ ದರ್ಜಿಯೂ ಅವಳು ನೋಡಿದ ಕಡೆಗೇ ಕತ್ತು ತಿರುಗಿಸಿದ್ದ. ಭಜನೆಯ ವಿಡಿಯೋದಲ್ಲಿ ದೀಪ ಮೆಲ್ಲಗೆ ಹತ್ತಿರ ಬಂದರೆ ಸಾಕು, ಬೆರಳು ಮಡಿಸಲಾರದ ಅಮ್ಮಂದಿರ ಅಂಗೈ ಅಂಗೈಗೆ ಸೇರುತ್ತಿತ್ತು. ಎದುರಿಗೆ ಕೂತಿರುವವರ ಮೈಯ ಯಾವ ತಂತಿ ಮೀಟಬೇಕೆಂದು ಅದೆಲ್ಲೋ ಕೂತು ಲೆಕ್ಕ ಹಾಕಿದವರ ಜಾಣತನಕ್ಕೆ ಅವಳು ಮನಸ್ಸಿನಲ್ಲೇ ದೃಷ್ಟಿ ತೆಗೆಯುತ್ತಿದ್ದಳು.

ತಾತನ ಮುಂದೆ ಮಾತ್ರ ಯಾವುದೂ ನಡೆದಿರಲಿಲ್ಲ. ಎಂಬತ್ತರ ಹತ್ತಿರದವರಿಗೆ ಇನ್ನೇನು ಬೇಕು ಎಂದುಕೊಂಡು ಅವಳು ಕೊಳ ಹಾಕಿದ್ದಳು, ಹೂವು ಹಾಕಿದ್ದಳು, ದೀಪವನ್ನೂ ಬೆಳಗಿಸಿದ್ದಳು.

"ಅಕ್ಕಾ, ತಾತನಿಗೆ ನಿದ್ದೆ ಬರ್ತಿದೆ. ಈಗ ನನ್ನ ಸರದಿ, ನನ್ನ ಹಾಡು" ಎಂದು ಮೂಲೆಯಿಂದ ಕೂಗಿದಳು ಕಾಲೇಜು ಹುಡುಗಿ. ಮೊಣಕಾಲಿಗೆ ಆಪರೇಷನ್ ಆದವಳು. ನಡೆಯಬಹುದು ಎಂದು ಎಲ್ಲರೂ ಹೇಳಿದ್ದರೂ ಗೋಡೆಯ ಕಂಬಿ ಬಿಟ್ಟು ಹೆಜ್ಜೆ ಇಟ್ಟವಳಲ್ಲ. ಮಾತು ಮಾತ್ರ ಕೋಣೆಯ ತುಂಬ ಓಡಾಡುತ್ತಿತ್ತು.

"ನಿನ್ನ ಹಾಡಲ್ಲಿ ಹಾಡೋನು ಯಾರ ಮೇಲೆ ಸಿಟ್ಟಾಗಿರ್ತಾನೆ ಅಂತಾನೇ ಗೊತ್ತಾಗಲ್ವಲ್ಲೇ" ಎಂದರು ತಾತ.

"ನೋಡಿ ತಾತ, ನಿಮ್ಮ ಮೇಲೇ ಇರ್ಬೇಕು."

ಕಸರತ್ತಿನಕ್ಕ ನಕ್ಕು ರ‍್ಯಾಪ್ ಹಾಕಿದಳು. ಪರದೆಯಲ್ಲಿ ಜೋಲುಬಟ್ಟೆಯ ಹುಡುಗನೊಬ್ಬ ಕ್ಯಾಮೆರಾಕ್ಕೆ ಬೆರಳು ಚುಚ್ಚುತ್ತ, ಮಾತನ್ನು ಹುರಿದ ಕಾಳಿನ ಹಾಗೆ ಸಿಡಿಸುತ್ತ ಬಂದ. ಹಿಂದೆ ಅವನ ಗೆಳೆಯರ ದಂಡು. ಎಲ್ಲರೂ ನಾಲ್ಕು ರಸ್ತೆ ಸೇರುವಲ್ಲಿ ನಟ್ಟನಡುವೆ ನಿಂತು ಕುಣಿಯತೊಡಗಿದರು. ಎಡದಿಂದ ಬಸ್ಸು, ಬಲದಿಂದ ಲಾರಿ, ಸಂದಿಯಲ್ಲಿ ಸ್ಕೂಟರುಗಳು. ಹಾರನ್ನುಗಳೇ ಹಾಡಿಗೆ ತಾಳ. ಕಾಲೇಜು ಹುಡುಗಿಯ ಕತ್ತು ಕುಣಿಯಿತು.

ತಾತನ ಬೆನ್ನು ನೆಟ್ಟಗಾಯಿತು.

"ಲಾರಿ ಯಾಕೆ ನುಗ್ತಿದೆ? ಏಯ್, ನಿಲ್ಲೋ!"

ಬಲಗೈ ಹೊಟ್ಟೆಯನ್ನು ಬಿಟ್ಟು ಎದೆ ದಾಟಿತು, ಭುಜ ದಾಟಿತು. ಅಂಗೈ ಪೂರ್ತಿ ತೆರೆದು ಕಿವಿಯ ಎತ್ತರಕ್ಕೆ ಹೋಗಿ ನಿಂತಿತು. ಮುಖ ಕಿವುಚಿತು, ಆದರೆ ಕೈ ಕದಲಲಿಲ್ಲ. ಬದುಕಿನ ಅರ್ಧ ಭಾಗ ರಸ್ತೆ ಕೂಡುವಲ್ಲಿ ಪೀಪಿ ಊದುತ್ತ ನಿಂತಿದ್ದ ಟ್ರಾಫಿಕ್ ಪೊಲೀಸರ ಕೈ ಅದು. ಕಸರತ್ತಿನಕ್ಕ ತುಟಿ ಕಚ್ಚಿಕೊಂಡಳು. ಅವರ ಕೆಲಸ ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಆದರೂ ಹಾಡು ಆರಿಸುವಾಗ ಬಿಳಿ ಕೂದಲನ್ನಷ್ಟೇ ನೋಡಿದ್ದಳು.

ಎತ್ತಿದ ಕೈಗೆ ಆಸರೆ ಕೊಡೋಣವೆಂದು ಅವಳು ಮುಂದೆ ಬಂದಳು. ಅಂಗೈ ಅವಳತ್ತ ತಿರುಗಿತು.

"ನೀನೂ ನಿಲ್ಲಮ್ಮ. ಪಾದಚಾರಿ ಇದಾರೆ."

ಅವಳು ಇದ್ದಲ್ಲೇ ನಿಂತಳು. ತಾತ ಎಡಗೈಯಿಂದ ಮೂಲೆಯ ಹುಡುಗಿಗೆ ಸನ್ನೆ ಮಾಡಿದರು. "ದಾಟು ಮಗಳೇ."

"ತಾತ, ನಂಗಾಗಲ್ಲ."

"ಎಲ್ಲಾ ಗಾಡಿ ನಿಲ್ಸಿದೀನಿ. ನೀನು ಈ ಕಡೆ ಬರೋವರೆಗೂ ಈ ಕೈ ಇಳಿಸಲ್ಲ. ನೋಯ್ತಿದೆ ಕಣೇ, ಬೇಗ ಬಾ."

ಹುಡುಗಿ ನಗುತ್ತ ಕಂಬಿ ಬಿಟ್ಟಳು. ಒಂದು ಹೆಜ್ಜೆ ಇಟ್ಟಳು, ನಿಂತಳು, ಮತ್ತೊಂದು ಇಟ್ಟಳು. ಹಾಡು ಮುಗಿದು ಟಿವಿ ಸುಮ್ಮನಾಗಿತ್ತು. ಬಾಗಿಲಲ್ಲಿ ಚಹಾದ ಗಾಡಿ ತಳ್ಳಿಕೊಂಡು ಬಂದವಳೂ ಮೇಲೆತ್ತಿದ ಆ ಅಂಗೈಯನ್ನು ಕಂಡು, ಯಾಕೆಂದು ಕೇಳದೆ, ಗಾಡಿ ನಿಲ್ಲಿಸಿ ಕಾದಳು.