ಪಾರ್ಕಿಂಗ್ ಲಾಟಿನ ಮುಚ್ಚಳ

ಅಲ್ಫಿಯಾ ಐದನೆಯ ಸ್ಲೈಡಿಗೆ ಬರುವಷ್ಟರಲ್ಲಿ ಪ್ರಭಾಗೆ ಆಕಳಿಕೆ ಬಂತು. ಪರದೆಯ ತುಂಬ ಬರೀ ಚೌಕ, ಬಾಣ. ವಾಲ್ನಟ್ ಕ್ರೀಕ್‌ನ ಆ ಆಫೀಸಿಗೆ ಪ್ರಭಾಳೇ ಯಜಮಾನಿ. ಒಂಟಿಯಾಗಿರುವ ಹಿರಿಯರು ಕೊರಳಿಗೆ ಹಾಕಿಕೊಂಡ ತುರ್ತು ಬಟನ್ ಒತ್ತಿದರೆ ಕರೆ ಇಂಟರ್‌ನೆಟ್ ಮೂಲಕ ಇಲ್ಲಿಗೆ ಬರುತ್ತದೆ. ಇಲ್ಲಿಂದ ಸಹಾಯ ಹೊರಡುತ್ತದೆ. ಗಿಲ್‌ರಾಯ್ ಊರಿನ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುವ ಪ್ರಭಾಳ ಅಮ್ಮನಿಗೂ ಅದೇ ಆಸರೆ.

“ಈ ಬಾಣ ಎಲ್ಲ ನನ್ನ ತಲೆಗೆ ಹೋಗಲ್ಲ ಕಣ್ರೀ. ಎರಡು ಕಂಪನಿಯ ಇಂಟರ್‌ನೆಟ್ ಲೈನಿದೆ. ಒಂದು ಹೋದ್ರೆ ಇನ್ನೊಂದಿದೆ. ಮೂರನೇದು ಹಾಕಿಸಿ ಅಂತೀರಲ್ಲ, ಯಾಕೆ?”

ನೆಟ್‌ವರ್ಕ್ ನೋಡಿಕೊಳ್ಳುವ ಅಲ್ಫಿಯಾ ಲ್ಯಾಪ್‌ಟಾಪ್ ಮುಚ್ಚಿದಳು. “ಬನ್ನಿ, ಕೆಳಗೆ ಹೋಗೋಣ.”

ಪಾರ್ಕಿಂಗ್ ಲಾಟಿನ ಮೂಲೆಯಲ್ಲೊಂದು ಕಬ್ಬಿಣದ ಮುಚ್ಚಳ. ದಿನಾ ಅದರ ಪಕ್ಕದಲ್ಲೇ ಕಾರು ನಿಲ್ಲಿಸುವ ಪ್ರಭಾ ಅದನ್ನು ಕಣ್ಣಿಟ್ಟು ನೋಡಿದ್ದು ಇವತ್ತೇ.

“ಮೊದಲನೇ ಲೈನು ಇದರೊಳಗಿಂದ ಬರುತ್ತೆ.”

“ಎರಡನೇದು?”

“ಅದೂ ಇದರೊಳಗಿಂದಲೇ.”

ಪ್ರಭಾಳ ನಿದ್ದೆ ಹಾರಿಹೋಯಿತು. ಸೀರೆಯ ನೆರಿಗೆ ಎತ್ತಿಕೊಂಡು ಮುಚ್ಚಳದ ಪಕ್ಕ ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. “ಬೇರೆ ಕಂಪನಿ ಅಲ್ವಾ? ಅವರು ಬೇರೆ ಕಡೆ ಅಗೆಯಲ್ವಾ?”

“ಯಾರು ಅಗೀತಾರೆ? ಇದ್ದ ಪೈಪಲ್ಲೇ ಜಾಗ ಬಾಡಿಗೆಗೆ ತಗೊಂಡಿದ್ದಾರೆ. ಮುಂದಿನ ವಾರ ಇಲ್ಲಿ ನೀರಿನ ಕೆಲಸ ಇದೆ. ಜೆಸಿಬಿ ಒಂದು ಸಲ ತಪ್ಪಿ ತಗುಲಿದ್ರೆ ಎರಡೂ ಒಟ್ಟಿಗೇ ಹೋಗುತ್ತೆ. ಯಾರೋ ಬಾತ್‌ರೂಮಲ್ಲಿ ಬಿದ್ದು ಬಟನ್ ಒತ್ತಿರ್ತಾರೆ. ಇಲ್ಲಿ ರಿಂಗೇ ಆಗಲ್ಲ. ಅದಕ್ಕೇ ಮೂರನೇದು. ಅದು ನೆಲದೊಳಗಿಂದಲ್ಲ, ತಂತಿಯಿಲ್ಲದೆ ಛಾವಣಿ ಮೇಲಿನ ಆಂಟೆನಾಗೆ ಬರುತ್ತೆ.”

ಪ್ರಭಾ ಮುಚ್ಚಳದ ಮೇಲೆ ಕೈಯಿಟ್ಟಳು. “ಹಾಕಿಸಿ. ಇವತ್ತೇ ಹಾಕಿಸಿ.”

ಬಾತ್‌ರೂಮು ಎಂಬ ಮಾತು ಮಾತ್ರ ಕಿವಿಯಲ್ಲೇ ಉಳಿಯಿತು. ಅಮ್ಮನಿಗೂ ಅವಳು ಎರಡು ಬಟನ್ ಕೊಟ್ಟಿದ್ದಳು, ಕೊರಳಿಗೊಂದು, ಬಾತ್‌ರೂಮಿನ ಗೋಡೆಗೊಂದು. ಕೂತಲ್ಲಿಂದಲೇ ಫೋನ್ ಮಾಡಿದಳು.

“ಅಮ್ಮ, ಬಟನ್ ಎರಡೂ ಎಲ್ಲಿವೆ?”

“ಜೋಪಾನವಾಗಿವೆ ಕಣೇ. ನೀರು ತಾಗಿ ಕೆಟ್ಟುಹೋದಾವು ಅಂತ ಗೋಡೇದನ್ನೂ ಕಿತ್ತು ತಂದೆ. ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ಗಣಪತಿ ಫೋಟೋದ ಮೊಳೆಗೆ ಹಾಕಿದೀನಿ. ಆಮೇಲೆ ಮಾತಾಡು, ಈಗ ಸ್ನಾನಕ್ಕೆ ಹೊರಟಿದೀನಿ.”